ಮಗು ಯಾರ ಬಳಿ ಹೇಳಿಕೊಳ್ಳಬೇಕು?

(ಪೋಷಕರು ಮತ್ತು ಶಿಕ್ಷಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

"ಏನಾದರೂ ತೊಂದರೆಯಾದರೆ ದೊಡ್ಡವರಿಗೆ ಹೇಳು" ಎಂಬ ಮಾತನ್ನು ಇಲ್ಲಿರುವ ನಾವೆಲ್ಲರೂ ಒಂದಲ್ಲ ಒಂದು ಮಗುವಿಗೆ ಹೇಳಿಯೇ ಇರುತ್ತೇವೆ. ಹೇಳಿದ ಮೇಲೆ ನಮ್ಮ ಪಾಲಿನ ಕರ್ತವ್ಯ ಮುಗಿಯಿತೆಂಬ ಸಮಾಧಾನವನ್ನೂ ಪಟ್ಟಿರುತ್ತೇವೆ. ಆದರೆ ಕೇಳಿಸಿಕೊಂಡ ಮಗುವಿನ ಕಡೆಯಿಂದ ನೋಡಿದರೆ ಈ ವಾಕ್ಯದಲ್ಲಿ ಬೇಕಾದ ಸಂಗತಿಗಳೆಲ್ಲ ಬಿಟ್ಟುಹೋಗಿವೆ. ಯಾವುದನ್ನು ತೊಂದರೆ ಎನ್ನಬೇಕು ಎಂಬುದು ಅದರಲ್ಲಿಲ್ಲ, ಯಾವ ದೊಡ್ಡವರು ಎಂಬುದಿಲ್ಲ, ಹೇಗೆ ಹೇಳಬೇಕು ಎಂಬುದಂತೂ ಇಲ್ಲವೇ ಇಲ್ಲ. ಗಾಜಿನ ಲೋಟ ಒಡೆದದ್ದು ತೊಂದರೆಯೋ, ಸಹಪಾಠಿಯೊಬ್ಬ ದಿನವೂ ಅಡ್ಡಹೆಸರಿನಿಂದ ಕರೆದು ನಗುವುದು ತೊಂದರೆಯೋ, ಬಹಳ ಬೇಕಾದವರೊಬ್ಬರು ಮೈಮುಟ್ಟಿ ಮಾತನಾಡಿಸುವ ರೀತಿ ಹಿಡಿಸದಿರುವುದು ತೊಂದರೆಯೋ ಎಂದು ಏಳು ವರ್ಷದ ಮಗು ತಾನೊಬ್ಬನೇ ತೂಗಿ ನೋಡಿ, ತನ್ನ ಸುತ್ತಲಿರುವ ಹತ್ತಾರು ಹಿರಿಯರಲ್ಲಿ ಒಬ್ಬರನ್ನು ಆರಿಸಿಕೊಂಡು, ತನಗೆ ಸರಿಯಾಗಿ ಹೆಸರೂ ಗೊತ್ತಿಲ್ಲದ ಸಂಗತಿಯನ್ನು ಮಾತಿಗಿಳಿಸಬೇಕು ಎಂದು ನಾವು ನಿರೀಕ್ಷಿಸುತ್ತಿದ್ದೇವೆ. ದೊಡ್ಡವರಿಗೂ ಇದು ಸುಲಭದ ಕೆಲಸವಲ್ಲ.

ಇಂದು ನಾನು ಮುಖ್ಯವಾಗಿ ನಡುವಿನ ಪ್ರಶ್ನೆಯನ್ನು, ಅಂದರೆ ಯಾರ ಬಳಿ ಹೇಳಬೇಕು ಎಂಬುದನ್ನು ಎತ್ತಿಕೊಳ್ಳುತ್ತೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತನಗೆ ನೆರವಾಗಬಲ್ಲ ಹಿರಿಯರು ಯಾರೆಂದು ತೀರ್ಮಾನಿಸುವ ಹಕ್ಕು ಮಗುವಿನದು, ಆ ತೀರ್ಮಾನಕ್ಕೆ ಬೇಕಾದ ತಿಳಿವಳಿಕೆ ಕೊಡುವುದು ನಮ್ಮ ಕೆಲಸ. ಆದರೆ ಆ ಪಟ್ಟಿಯಲ್ಲಿ ನಮಗೆ ಜಾಗವಿರಬೇಕೋ ಬೇಡವೋ ಎಂಬುದು ನಮ್ಮ ವಯಸ್ಸು, ಸಂಬಂಧ ಅಥವಾ ಹುದ್ದೆಯಿಂದ ನಿರ್ಧಾರವಾಗುವುದಿಲ್ಲ. ಮಗು ತಂದ ಸಣ್ಣ ಸಣ್ಣ ಸಂಗತಿಗಳನ್ನು ನಾವು ಈವರೆಗೆ ಹೇಗೆ ಕೇಳಿಸಿಕೊಂಡಿದ್ದೇವೆ ಎಂಬುದರಿಂದ ಅದು ನಿರ್ಧಾರವಾಗುತ್ತದೆ.

ಬಹಳ ಕಾಲ ಮಕ್ಕಳ ಸುರಕ್ಷತೆಯ ಪಾಠವೆಂದರೆ ಅಪರಿಚಿತರ ಬಗ್ಗೆ ಎಚ್ಚರಿಕೆ ಹೇಳುವುದು ಎಂದೇ ಆಗಿತ್ತು. ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡ, ಅವರ ಜೊತೆ ಹೋಗಬೇಡ ಎಂಬ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಅವು ಪರೋಕ್ಷವಾಗಿ ಇನ್ನೊಂದು ಪಾಠವನ್ನೂ ಕಲಿಸಿಬಿಡುತ್ತವೆ: ಪರಿಚಿತರೆಲ್ಲರೂ ಸುರಕ್ಷಿತರು ಎಂಬ ಪಾಠ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ ಬಹುಪಾಲು ಪ್ರಕರಣಗಳಲ್ಲಿ ಅದನ್ನು ಎಸಗುವವರು ಮಗುವಿಗೆ ಮೊದಲೇ ಗೊತ್ತಿರುವವರು, ಕುಟುಂಬದ ವಿಶ್ವಾಸ ಗಳಿಸಿದವರು, ಎಷ್ಟೋ ಸಲ ಕುಟುಂಬದವರೇ. ಯುನಿಸೆಫ್ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಇಂದು ಬದುಕಿರುವ ಹುಡುಗಿಯರು ಮತ್ತು ಮಹಿಳೆಯರಲ್ಲಿ 37 ಕೋಟಿಗೂ ಹೆಚ್ಚು ಮಂದಿ, ಅಂದರೆ ಸುಮಾರು ಎಂಟರಲ್ಲಿ ಒಬ್ಬರು, 18 ವರ್ಷ ತುಂಬುವ ಮೊದಲು ಅತ್ಯಾಚಾರ ಅಥವಾ ಲೈಂಗಿಕ ಹಲ್ಲೆಯನ್ನು ಅನುಭವಿಸಿದ್ದಾರೆ. ಹುಡುಗರು ಮತ್ತು ಪುರುಷರಲ್ಲಿ ಈ ಪ್ರಮಾಣ ಸುಮಾರು ಹನ್ನೊಂದರಲ್ಲಿ ಒಬ್ಬರಷ್ಟು. ಗಂಡುಮಕ್ಕಳಿಗೆ ಇಂಥ ಪಾಠ ಬೇಡವೆಂದು ಭಾವಿಸುವವರು ಈ ಎರಡನೆಯ ಅಂಕಿಯನ್ನು ಗಮನಿಸಬೇಕು. ಅಪರಿಚಿತರೆಲ್ಲರೂ ಕೆಟ್ಟವರು ಎಂದು ಹೇಳಿಕೊಡುವುದರಲ್ಲಿ ಇನ್ನೊಂದು ತೊಡಕೂ ಇದೆ. ಜನಜಂಗುಳಿಯಲ್ಲಿ ಕಳೆದುಹೋದ ಮಗುವಿಗೆ ಆ ಕ್ಷಣದಲ್ಲಿ ನೆರವಾಗಬಲ್ಲವರು ಅಪರಿಚಿತರೇ ಆಗಿರುತ್ತಾರೆ.

ಹಾಗಾದರೆ ಯಾರನ್ನು ನಂಬಬಹುದು ಎಂದು ಮಗುವಿಗೆ ಹೇಗೆ ವಿವರಿಸುವುದು? "ಒಳ್ಳೆಯವರನ್ನು ನಂಬು" ಎನ್ನುವುದು ವ್ಯರ್ಥ. ಮಗುವಿನ ದೃಷ್ಟಿಯಲ್ಲಿ ನಗಿಸುವವರು, ಉಡುಗೊರೆ ಕೊಡುವವರು, ಮನೆಯಲ್ಲಿ ಬೇಡವೆಂದದ್ದನ್ನು ಗುಟ್ಟಾಗಿ ಕೊಡಿಸುವವರು ಎಲ್ಲರೂ ಒಳ್ಳೆಯವರೇ. ಮಕ್ಕಳನ್ನು ದುರುಪಯೋಗಪಡಿಸಿಕೊಳ್ಳಲು ಹೊಂಚುವವರು ಇದೇ ದಾರಿಯಲ್ಲಿ ಹತ್ತಿರವಾಗುತ್ತಾರೆ. ಆದ್ದರಿಂದ ವ್ಯಕ್ತಿಯ ಗುಣದ ಬಗ್ಗೆ ಹೇಳುವ ಬದಲು, ಕಣ್ಣಿಗೆ ಕಾಣುವ ನಡವಳಿಕೆಯ ಬಗ್ಗೆ ಹೇಳಬೇಕು. ನೀನು ಮಾತನಾಡುವಾಗ ಅವರು ಕೈಯಲ್ಲಿರುವ ಕೆಲಸ ನಿಲ್ಲಿಸಿ ಕೇಳುತ್ತಾರೆಯೇ? ನೀನು ಬೇಡವೆಂದಾಗ, ಅದು ಕೆನ್ನೆ ಹಿಂಡುವಷ್ಟು ಚಿಕ್ಕ ವಿಷಯವಾದರೂ ಸರಿ, ನಿಲ್ಲಿಸುತ್ತಾರೆಯೇ? ಬರುತ್ತೇನೆ ಎಂದ ದಿನ ಬರುತ್ತಾರೆಯೇ? ಬೇರೆಯವರ ಎದುರಿಗೆ ಒಂದು ರೀತಿ, ನೀವಿಬ್ಬರೇ ಇದ್ದಾಗ ಇನ್ನೊಂದು ರೀತಿ ಇರುತ್ತಾರೆಯೇ? ನಿನ್ನಿಂದ ತಪ್ಪಾದಾಗ ಅದನ್ನು ನಾಲ್ಕು ಜನರ ಮುಂದೆ ಹೇಳಿ ನಗುತ್ತಾರೆಯೇ? ಅಮ್ಮನಿಗೆ ಹೇಳಬೇಡ ಎಂದು ಎಂದಾದರೂ ಹೇಳಿದ್ದಾರೆಯೇ? ಇಂಥ ಪ್ರಶ್ನೆಗಳಿಗೆ ಐದಾರು ವರ್ಷದ ಮಗು ಕೂಡ ಸ್ಪಷ್ಟವಾಗಿ ಉತ್ತರಿಸಬಲ್ಲದು, ಏಕೆಂದರೆ ಇವು ಅದು ಕಂಡ ಸಂಗತಿಗಳು.

ಮಕ್ಕಳು ಈ ವಿಷಯದಲ್ಲಿ ನಾವು ಭಾವಿಸುವುದಕ್ಕಿಂತ ಚುರುಕಾಗಿದ್ದಾರೆ. ಮೆಲಿಸ್ಸಾ ಕೊಯೆನಿಗ್, ಫ್ಯಾಬ್ರಿಸ್ ಕ್ಲೆಮೆಂಟ್ ಮತ್ತು ಪಾಲ್ ಹ್ಯಾರಿಸ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೊತ್ತಿರುವ ವಸ್ತುಗಳ ಹೆಸರನ್ನು ಒಬ್ಬರು ಸರಿಯಾಗಿಯೂ ಇನ್ನೊಬ್ಬರು ತಪ್ಪಾಗಿಯೂ ಹೇಳುವುದನ್ನು ಮೂರು ನಾಲ್ಕು ವರ್ಷದ ಮಕ್ಕಳಿಗೆ ತೋರಿಸಲಾಯಿತು. ಅನಂತರ ಹೊಸ ವಸ್ತುವೊಂದರ ಹೆಸರು ಕೇಳಬೇಕಾಗಿ ಬಂದಾಗ, ಇಬ್ಬರ ವ್ಯತ್ಯಾಸವನ್ನು ಗುರುತಿಸಿದ ಮಕ್ಕಳು ಹಿಂದೆ ಸರಿಯಾಗಿ ಹೇಳಿದವರನ್ನೇ ನಂಬಿದರು. ಅಷ್ಟು ಚಿಕ್ಕ ವಯಸ್ಸಿನಲ್ಲಿಯೇ ಮಕ್ಕಳು ನಮ್ಮ ಮಾತಿನ ಲೆಕ್ಕವಿಟ್ಟುಕೊಳ್ಳುತ್ತಾರೆ ಎಂದಾಯಿತು. ಸೂಜಿ ಚುಚ್ಚಿದರೆ ನೋವಾಗುವುದಿಲ್ಲ ಎಂದು ನಂಬಿಸಿ ಮಗುವನ್ನು ವೈದ್ಯರ ಬಳಿ ಕರೆದೊಯ್ಯುವ ತಂದೆತಾಯಿಯರು ಈ ಲೆಕ್ಕವನ್ನು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಗುಟ್ಟಿನ ವಿಷಯವನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮಗುವಿನ ಕೈಗೆ ಕೊಡಬಹುದಾದ ಅತ್ಯಂತ ಉಪಯುಕ್ತವಾದ ಅಳತೆಗೋಲು ಅದರಲ್ಲಿದೆ. ಅಜ್ಜಿಯ ಹುಟ್ಟುಹಬ್ಬಕ್ಕೆ ಏನು ತಂದಿದ್ದೇವೆ ಎಂಬುದನ್ನು ಆ ದಿನದವರೆಗೆ ಹೇಳಬಾರದು ಎನ್ನುವುದು ಒಂದು ಬಗೆ. ಅದಕ್ಕೆ ಮುಗಿಯುವ ದಿನವೊಂದಿದೆ, ಕೊನೆಗೆ ಎಲ್ಲರಿಗೂ ತಿಳಿಯುತ್ತದೆ, ತಿಳಿದವರು ಸಂತೋಷಪಡುತ್ತಾರೆ. ಯಾರಿಗೂ ಎಂದೆಂದಿಗೂ ಹೇಳಬಾರದು, ಹೇಳಿದರೆ ನಿನಗೆ ಬೈಗುಳ ಬೀಳುತ್ತದೆ, ಅಥವಾ ನನ್ನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎನ್ನುವುದು ಇನ್ನೊಂದು ಬಗೆ. ಎರಡನೆಯ ಬಗೆಯ ಗುಟ್ಟನ್ನು ಯಾರೇ ಹೊರಿಸಿದರೂ, ಅದನ್ನು ಇಟ್ಟುಕೊಳ್ಳಬೇಕಾಗಿಲ್ಲ, ಆಣೆ ಮಾಡಿಸಿಕೊಂಡಿದ್ದರೂ ಆ ಆಣೆಯನ್ನು ಮುರಿಯಬಹುದು ಎಂದು ಮಗುವಿಗೆ ನೇರವಾಗಿ ಹೇಳಬೇಕು. ಆಣೆ ಮುರಿದರೆ ಕೇಡಾಗುತ್ತದೆ ಎಂಬ ಭಯ ಮಕ್ಕಳಲ್ಲಿ ಬಹಳ ಗಾಢವಾಗಿರುತ್ತದೆ. ಆ ಭಯವನ್ನು ತೆಗೆಯದೆ ಉಳಿದುದನ್ನೆಲ್ಲ ಕಲಿಸಿ ಫಲವಿಲ್ಲ. ಇದರ ಜೊತೆಗೆ ನಾವೂ ಒಂದು ಶಿಸ್ತನ್ನು ಪಾಲಿಸಬೇಕು: "ನಾನು ನಿನಗೆ ಇದನ್ನು ಕೊಡಿಸಿದ್ದನ್ನು ಅಪ್ಪನಿಗೆ ಹೇಳಬೇಡ" ಎಂಬಂಥ ಮುದ್ದಿನ ಗುಟ್ಟುಗಳನ್ನು ಮಗುವಿನ ಜೊತೆ ಮಾಡಿಕೊಳ್ಳಬಾರದು. ನಾವು ತಮಾಷೆಗೆ ಆಡಿದ ಮಾತನ್ನು ನಾಳೆ ಇನ್ನೊಬ್ಬರು ತಮಾಷೆಗಲ್ಲದೆ ಆಡಿದಾಗ, ಮಗುವಿಗೆ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಪಟ್ಟಿ ಮಾಡುವ ಕ್ರಮದ ಬಗ್ಗೆ. ಅಂಗೈಯನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು, ಒಂದೊಂದು ಬೆರಳಿನಲ್ಲಿ ಒಬ್ಬೊಬ್ಬ ಹಿರಿಯರ ಹೆಸರು ಬರೆಯುವ ಚಟುವಟಿಕೆಯನ್ನು ನಿಮ್ಮಲ್ಲಿ ಅನೇಕರು ತರಗತಿಗಳಲ್ಲಿ ಮಾಡಿಸಿರಬಹುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೆಗ್ ಫ್ಲಾಂಡ್ರೋ ವೆಸ್ಟ್ ಎಂಬ ಸಮಾಜ ಕಾರ್ಯಕರ್ತೆ 1970ರ ದಶಕದಲ್ಲಿ ರೂಪಿಸಿದ, ಮುಂದೆ ಆಸ್ಟ್ರೇಲಿಯಾ ಮತ್ತು ಬ್ರಿಟನ್‌ನಲ್ಲಿ ವ್ಯಾಪಕವಾಗಿ ಹರಡಿದ ಶಿಕ್ಷಣ ಕ್ರಮದಲ್ಲಿ ಈ ಚಟುವಟಿಕೆಗೆ ಮುಖ್ಯ ಸ್ಥಾನವಿದೆ. ಎಲ್ಲರಿಗೂ ಎಲ್ಲ ಸಮಯದಲ್ಲೂ ಸುರಕ್ಷಿತ ಭಾವನೆಯಿಂದಿರುವ ಹಕ್ಕಿದೆ, ಯಾವ ವಿಷಯವೇ ಆದರೂ, ಅದು ಎಷ್ಟೇ ಘೋರವಾಗಿರಲಿ ಎಷ್ಟೇ ಚಿಕ್ಕದಾಗಿರಲಿ, ಯಾರಾದರೊಬ್ಬರ ಬಳಿ ಹೇಳಿಕೊಳ್ಳಬಹುದು ಎಂಬ ಎರಡು ಮಾತುಗಳ ಮೇಲೆ ಆ ಕ್ರಮ ನಿಂತಿದೆ. ಎರಡನೆಯ ಮಾತಿನಲ್ಲಿ ಚಿಕ್ಕದು ಎಂಬುದನ್ನೂ ಸೇರಿಸಿರುವುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಚಿಕ್ಕ ವಿಷಯಕ್ಕೆ ಬಾಗಿಲು ಮುಚ್ಚಿದ ಕಡೆಗೆ ದೊಡ್ಡ ವಿಷಯ ಬರುವುದಿಲ್ಲ.

ಚಟುವಟಿಕೆ ಸರಳ, ಅದನ್ನು ಕೆಡಿಸುವುದೂ ಅಷ್ಟೇ ಸರಳ. ನಾವು ಪಕ್ಕದಲ್ಲಿ ಕುಳಿತು "ಚಿಕ್ಕಪ್ಪನ ಹೆಸರು ಬರೆ, ತರಗತಿಯ ಟೀಚರ್ ಹೆಸರು ಬರೆ" ಎಂದು ಹೇಳಿಕೊಟ್ಟರೆ ಅದು ನಮ್ಮ ಪಟ್ಟಿಯಾಗುತ್ತದೆ. ಮಗು ಅದನ್ನು ಅಚ್ಚುಕಟ್ಟಾಗಿ ಬಣ್ಣ ತುಂಬಿಸಿ ಗೋಡೆಗೆ ಅಂಟಿಸುತ್ತದೆ, ಬೇಕಾದಾಗ ಬಳಸುವುದಿಲ್ಲ. ಮಗು ತಾನೇ ಹೆಸರು ಹೇಳಬೇಕು. ಹೆಸರು ಹೇಳಿದ ಮೇಲೆ ನಾವು ಕೇಳಬಹುದಾದದ್ದು "ಅವರೇ ಏಕೆ?" ಎಂಬ ಒಂದು ಪ್ರಶ್ನೆ, ಅದೂ ತಕರಾರಿನ ದನಿಯಲ್ಲಲ್ಲ. "ಅವರು ನನಗೆ ಆಟದಲ್ಲಿ ಗೆಲ್ಲಲು ಬಿಡುತ್ತಾರೆ" ಎಂದು ಉತ್ತರ ಬಂದರೆ, ಪ್ರೀತಿ ಬೇರೆ, ನೆರವು ಕೇಳುವುದು ಬೇರೆ ಎಂಬುದನ್ನು ಮಾತನಾಡಲು ಅವಕಾಶ ದೊರೆಯುತ್ತದೆ. "ನಾನು ಅತ್ತಾಗ ಅವರು ಸುಮ್ಮನೆ ಪಕ್ಕದಲ್ಲಿ ಕೂತಿದ್ದರು" ಎಂದು ಬಂದರೆ, ಆ ಮಗುವಿಗೆ ನಾವು ಕಲಿಸಬೇಕಾದದ್ದು ಹೆಚ್ಚೇನೂ ಇಲ್ಲ.

ಒಂದೇ ಹೆಸರು ಸಾಲದು. ಒಬ್ಬರು ಊರಿನಲ್ಲಿ ಇಲ್ಲದಿರಬಹುದು, ಅಸ್ವಸ್ಥರಾಗಿರಬಹುದು, ಕೇಳಿದರೂ ನಂಬದಿರಬಹುದು, ಅಥವಾ ತೊಂದರೆಯ ಮೂಲ ಅವರೇ ಆಗಿರಬಹುದು. ಈ ಕೊನೆಯ ಸಾಧ್ಯತೆಯ ಕಾರಣಕ್ಕಾಗಿಯೇ ಪಟ್ಟಿಯಲ್ಲಿ ಮನೆಯ ಹೊರಗಿನವರು ಒಬ್ಬರಾದರೂ ಇರಬೇಕು, ಹಾಗೆಯೇ ಶಾಲೆಯ ಹೊರಗಿನವರೂ ಒಬ್ಬರಿರಬೇಕು. ಬರೆದ ಹೆಸರಿನವರನ್ನು ಮಗು ನಿಜವಾಗಿ ತಲುಪಬಲ್ಲದೇ ಎಂಬುದನ್ನೂ ನೋಡಬೇಕು. ದೂರದೇಶದಲ್ಲಿರುವ ಪ್ರೀತಿಯ ಅತ್ತೆಯ ಹೆಸರು ಚೆನ್ನ, ಆದರೆ ಅವರ ಫೋನ್ ಸಂಖ್ಯೆ ಮಗುವಿಗೆ ಗೊತ್ತಿಲ್ಲದಿದ್ದರೆ, ಅಥವಾ ಫೋನ್ ಯಾವಾಗಲೂ ಇನ್ನೊಬ್ಬರ ಕೈಯಲ್ಲೇ ಇರುವುದಾದರೆ, ಆ ಹೆಸರು ಆಪತ್ತಿಗೆ ಒದಗುವುದಿಲ್ಲ. ಮತ್ತೆ, ಪಟ್ಟಿಯಲ್ಲಿರುವವರಿಗೆ ತಾವು ಪಟ್ಟಿಯಲ್ಲಿರುವ ವಿಷಯ ತಿಳಿದಿರಬೇಕು. ಮಗುವಿನ ಒಪ್ಪಿಗೆ ಪಡೆದು ಅವರೊಡನೆ ಮಾತನಾಡಿ, "ನನ್ನ ಮಗಳು ನಿಮ್ಮನ್ನು ಆರಿಸಿದ್ದಾಳೆ, ಅವಳು ಏನಾದರೂ ಹೇಳಲು ಬಂದರೆ ಕೇಳಿಸಿಕೊಳ್ಳುತ್ತೀರಾ?" ಎಂದು ವಿಚಾರಿಸುವುದು ಅನಗತ್ಯ ಔಪಚಾರಿಕತೆಯಲ್ಲ. ಒಪ್ಪಿಕೊಂಡವರು ಅಂದಿನಿಂದ ಸ್ವಲ್ಪ ಬೇರೆಯಾಗಿಯೇ ಕೇಳಿಸಿಕೊಳ್ಳುತ್ತಾರೆ.

ಪೋಷಕರಿಗೆ ಕಷ್ಟವಾಗುವ ಎರಡು ಸಂದರ್ಭಗಳಿವೆ. ಮೊದಲನೆಯದು, ಮಗು ಬರೆದ ಪಟ್ಟಿಯಲ್ಲಿ ತಮ್ಮ ಹೆಸರೇ ಇಲ್ಲದಿರುವುದು. ಆಗ ಮುಖ ಬಾಡುವುದು ಸಹಜ. ಆದರೆ "ಅಂದರೆ ನಾನು ನಿನಗೆ ಯಾರೂ ಅಲ್ಲವೇ?" ಎಂದು ಕೇಳಿದ ಕ್ಷಣದಲ್ಲಿ ಮಗು ನಿಮ್ಮ ನೋವನ್ನು ಶಮನ ಮಾಡಲು ನಿಮ್ಮ ಹೆಸರು ಬರೆಯುತ್ತದೆ, ಸತ್ಯ ಹೇಳಿದರೆ ದೊಡ್ಡವರಿಗೆ ನೋವಾಗುತ್ತದೆ ಎಂಬುದನ್ನೂ ಕಲಿಯುತ್ತದೆ. ಮಕ್ಕಳು ತಂದೆತಾಯಿಗೆ ಹೇಳದಿರುವುದಕ್ಕೆ ಪ್ರೀತಿಯ ಕೊರತೆಯೇ ಕಾರಣವಾಗಿರಬೇಕಿಲ್ಲ. ಅಮ್ಮ ಅತ್ತುಬಿಡುತ್ತಾಳೆ, ಅಪ್ಪ ಜಗಳಕ್ಕೆ ಹೋಗುತ್ತಾರೆ, ನನ್ನನ್ನು ಆಟಕ್ಕೆ ಕಳಿಸುವುದನ್ನು ನಿಲ್ಲಿಸುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ ಎಂಬ ಲೆಕ್ಕಾಚಾರಗಳು ಅಲ್ಲಿರುತ್ತವೆ. ಅಂತರ್ಜಾಲದಲ್ಲಿ ಯಾರೋ ಬೆದರಿಸುತ್ತಿದ್ದರೂ ಹದಿಮೂರು ವರ್ಷದ ಮಕ್ಕಳು ಸುಮ್ಮನಿರುವುದಕ್ಕೆ ಕಾರಣ ಹುಡುಕಿದರೆ, ಹೇಳಿದರೆ ಫೋನ್ ಹೋಗುತ್ತದೆ ಎಂಬ ಭಯ ಮುಂಚೂಣಿಯಲ್ಲಿ ಸಿಗುತ್ತದೆ. ಹೇಳಿಕೊಂಡದ್ದಕ್ಕೆ ದಂಡ ವಿಧಿಸುವುದಿಲ್ಲ ಎಂದು ಮೊದಲೇ ಮಾತು ಕೊಟ್ಟು, ಮೊದಲ ಪರೀಕ್ಷೆಯಲ್ಲಿ ಆ ಮಾತನ್ನು ಉಳಿಸಿಕೊಂಡರೆ, ಪಟ್ಟಿಯಲ್ಲಿ ಇಲ್ಲದ ಹೆಸರು ಮುಂದಿನ ವರ್ಷ ತಾನಾಗಿಯೇ ಬಂದೀತು.

ಎರಡನೆಯ ಸಂದರ್ಭ, ಮಗು ಹೇಳಿದ ಹೆಸರು ನಮಗೆ ಒಪ್ಪಿಗೆಯಾಗದಿರುವುದು. ಆ ವ್ಯಕ್ತಿಯ ಬಗ್ಗೆ ನಿರ್ದಿಷ್ಟವಾದ ಆತಂಕವಿದ್ದರೆ ಮಗುವನ್ನು ಅವರಿಂದ ದೂರವಿಡುವುದು ನಮ್ಮ ಹೊಣೆ, ಅದಕ್ಕೆ ಪಟ್ಟಿಯ ನೆಪ ಬೇಕಿಲ್ಲ. ಆತಂಕ ಅಸ್ಪಷ್ಟವಾಗಿದ್ದರೆ, ಸನ್ನಿವೇಶಗಳ ಮೂಲಕ ಮಾತನಾಡಬಹುದು: "ಅವರು ಒಂದು ದಿನ ಇದನ್ನು ಮನೆಯಲ್ಲಿ ಹೇಳಬೇಡ ಎಂದರೆ ನೀನು ಏನು ಮಾಡುತ್ತೀಯ?" "ಅವರ ಯಾವುದಾದರೂ ನಡತೆ ನಿನಗೆ ಹಿಡಿಸದಿದ್ದರೆ ಇನ್ಯಾರಿಗೆ ಹೇಳುತ್ತೀಯ?" ಈ ಎರಡನೆಯ ಪ್ರಶ್ನೆಯನ್ನು ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಬಗ್ಗೆಯೂ, ನಮ್ಮ ಬಗ್ಗೆಯೂ, ಕೇಳುವುದು ಒಳ್ಳೆಯದು. ಯಾರ ಹೆಸರೂ ಶಾಶ್ವತವಲ್ಲ, ಯಾರನ್ನು ಬೇಕಾದರೂ ತೆಗೆಯಬಹುದು, ತೆಗೆದದ್ದಕ್ಕೆ ಕಾರಣ ಕೊಡಬೇಕಾಗಿಲ್ಲ ಎಂಬುದು ಮಗುವಿಗೆ ತಿಳಿದಿರಲಿ.

ವಯಸ್ಸಿಗೆ ತಕ್ಕಂತೆ ಕ್ರಮ ಬದಲಾಗಬೇಕು. ಮೂರು ನಾಲ್ಕು ವರ್ಷದವರಿಗೆ ಪಟ್ಟಿಗಿಂತ ಫೋಟೊಗಳು ಮೇಲು. ದೇಹದ ಎಲ್ಲ ಭಾಗಗಳ ಸರಿಯಾದ ಹೆಸರುಗಳನ್ನು, ಮುಚ್ಚುಮರೆಯ ಮುದ್ದು ಹೆಸರುಗಳ ಬದಲು, ಈ ವಯಸ್ಸಿನಲ್ಲಿಯೇ ಕಲಿಸಬೇಕು, ಇಲ್ಲವಾದರೆ ಮಗು ಹೇಳಿದ್ದು ಮನೆಯ ಹೊರಗಿನವರಿಗೆ ಅರ್ಥವೇ ಆಗದೆ ಹೋಗಬಹುದು. ಕಳೆದುಹೋದಾಗ ಎಲ್ಲಿದ್ದೀಯೋ ಅಲ್ಲೇ ನಿಲ್ಲು, ಸಮವಸ್ತ್ರ ಅಥವಾ ಹೆಸರಿನ ಬಿಲ್ಲೆ ಧರಿಸಿ ಅಲ್ಲಿ ಕೆಲಸ ಮಾಡುತ್ತಿರುವವರನ್ನೋ, ಮಕ್ಕಳನ್ನು ಜೊತೆಯಲ್ಲಿ ಕರೆತಂದಿರುವವರನ್ನೋ ಕೇಳು ಎಂಬ ಸೂಚನೆ ಸಾಕು. ಹೊರಗೆ ಹೋದಾಗ "ಇಲ್ಲಿ ನೀನು ಯಾರನ್ನು ಕೇಳುತ್ತೀಯ, ತೋರಿಸು" ಎಂದು ಆಟವಾಡಿಸಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಹದಿಹರೆಯದವರ ಮುಂದೆ ಅಂಗೈ ಚಿತ್ರದ ಹಾಳೆ ಇಟ್ಟರೆ ಅವರು ನಗುತ್ತಾರೆ, ನಗುವುದು ನ್ಯಾಯವೇ. ಅವರು ಮೊದಲು ಹೇಳಿಕೊಳ್ಳುವುದು ಸಾಮಾನ್ಯವಾಗಿ ಗೆಳೆಯ ಗೆಳತಿಯರ ಬಳಿ. ಆದ್ದರಿಂದ ಅವರಿಗೆ ಕೇಳಬೇಕಾದ ಪ್ರಶ್ನೆ ಬೇರೆ: "ನಿನ್ನ ಗೆಳತಿ ನಿನಗೆ ಇಂಥದ್ದನ್ನು ಹೇಳಿದರೆ, ನೀನು ಅವಳನ್ನು ಯಾರ ಹತ್ತಿರ ಕರೆದುಕೊಂಡು ಹೋಗುತ್ತೀಯ?" ಇನ್ನೊಬ್ಬರಿಗಾಗಿ ಆಲೋಚಿಸುವಾಗ ಅವರು ಕೊಡುವ ಉತ್ತರದಲ್ಲಿ ತಮಗೆ ಬೇಕಾದ ಹೆಸರೂ ಇರುತ್ತದೆ. ಗೆಳತಿಯ ಜೀವಕ್ಕೋ ದೇಹಕ್ಕೋ ಅಪಾಯವಿದ್ದಾಗ, ಯಾರಿಗೂ ಹೇಳುವುದಿಲ್ಲ ಎಂದು ಕೊಟ್ಟ ಮಾತನ್ನು ಮುರಿಯುವುದು ದ್ರೋಹವಲ್ಲ ಎಂಬುದನ್ನೂ ಅವರೊಡನೆ ಬಿಚ್ಚಿ ಮಾತನಾಡಬೇಕು.

ಅಂಗವೈಕಲ್ಯವಿರುವ ಮಕ್ಕಳ ವಿಷಯವನ್ನು ಇಂಥ ಸಭೆಗಳಲ್ಲಿ ಕೊನೆಗೆ ಒಂದು ವಾಕ್ಯದಲ್ಲಿ ಸೇರಿಸುವ ರೂಢಿಯಿದೆ. ಅದು ಸರಿಯಲ್ಲ. 2012ರಲ್ಲಿ ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ ಅಂಗವೈಕಲ್ಯವಿರುವ ಮಕ್ಕಳು ಹಿಂಸೆಗೆ ಒಳಗಾಗುವ ಸಂಭವ ಉಳಿದ ಮಕ್ಕಳಿಗಿಂತ ಸುಮಾರು 3.7 ಪಟ್ಟು ಹೆಚ್ಚು. ಸ್ನಾನ, ಶೌಚ, ಬಟ್ಟೆ ಬದಲಿಸುವುದು ಮುಂತಾದ ಕೆಲಸಗಳಿಗೆ ಅವರು ಇತರರನ್ನು ಅವಲಂಬಿಸಿರುವಾಗ, ಬೇಡ ಎನ್ನುವ ಅವಕಾಶವೇ ಅವರಿಗೆ ವಿರಳ. ಮಾತಿನ ಬದಲು ಚಿತ್ರಫಲಕದ ಮೂಲಕ ಸಂವಹನ ನಡೆಸುವ ಮಗುವಿನ ಫಲಕದಲ್ಲಿ ನೀರು, ಊಟ, ಆಟ ಎಂಬ ಚಿತ್ರಗಳಷ್ಟೇ ಇದ್ದು, ನಿಲ್ಲಿಸು, ನೋಯುತ್ತಿದೆ, ಭಯವಾಗುತ್ತಿದೆ ಎಂಬ ಚಿತ್ರಗಳಾಗಲಿ, ದೇಹದ ಭಾಗಗಳಾಗಲಿ, ಜನರ ಚಿತ್ರಗಳಾಗಲಿ ಇಲ್ಲದಿದ್ದರೆ, ಅದಕ್ಕೆ ಎಷ್ಟು ಜನ ನಂಬಿಕಸ್ತರಿದ್ದರೂ ಹೇಳಲು ದಾರಿಯಿಲ್ಲ. ಆ ಮಗುವಿನ ಫಲಕವನ್ನು ಅಥವಾ ಸಂಜ್ಞೆಗಳನ್ನು ಓದಬಲ್ಲವರು ಅದರ ಆರೈಕೆ ಮಾಡುವವರೊಬ್ಬರೇ ಆಗಿರಬಾರದು.

ಹೆಸರುಗಳಿದ್ದರೆ ಮಾತು ಹೊರಬರುತ್ತದೆ ಎಂಬ ಖಾತರಿಯಿಲ್ಲ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳ ವರ್ತನೆಯನ್ನು ವಿವರಿಸುತ್ತ ಅಮೆರಿಕದ ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲಿ ಬರೆದ ಪ್ರಬಂಧವೊಂದು, ಗೋಪ್ಯತೆ, ಅಸಹಾಯಕತೆ, ಸಿಲುಕಿಕೊಂಡು ಹೊಂದಿಕೊಳ್ಳುವಿಕೆ, ತಡವಾಗಿ ಹಾಗೂ ನಂಬಲು ಕಷ್ಟವಾಗುವಂತೆ ಹೇಳುವುದು, ಹೇಳಿದ್ದನ್ನು ಹಿಂತೆಗೆದುಕೊಳ್ಳುವುದು ಎಂಬ ಐದು ಅಂಶಗಳನ್ನು ಗುರುತಿಸಿತು. ಹೇಳಿದ್ದನ್ನು ಹಿಂತೆಗೆದುಕೊಳ್ಳುವುದು ಎಷ್ಟು ಸಾಮಾನ್ಯ ಎಂಬುದರ ಬಗ್ಗೆ ಅನಂತರದ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ, ಆದರೆ ತಡವಾಗಿ ಹೇಳುತ್ತಾರೆ ಎಂಬುದರ ಬಗ್ಗೆ ಅಂಥ ವಿವಾದವಿಲ್ಲ. ಮಗು ಒಮ್ಮೆಗೇ ಎಲ್ಲವನ್ನೂ ಹೇಳುವುದಿಲ್ಲ. ಮೊದಲು ಒಂದು ತುಣುಕನ್ನು ಹೊರಗೆ ಬಿಟ್ಟು ನಮ್ಮ ಮುಖ ನೋಡುತ್ತದೆ: "ನನಗೆ ಆ ಟ್ಯೂಷನ್‌ಗೆ ಹೋಗಲು ಇಷ್ಟವಿಲ್ಲ." ನಾವು "ಓದುವುದೆಂದರೆ ನಿನಗೆ ಯಾವಾಗಲೂ ಹೀಗೆಯೇ" ಎಂದರೆ ಉಳಿದದ್ದು ಒಳಗೇ ಉಳಿಯುತ್ತದೆ. "ಅಲ್ಲಿ ಏನು ಇಷ್ಟವಾಗುವುದಿಲ್ಲ, ಹೇಳು" ಎಂದರೆ ಎರಡನೆಯ ತುಣುಕು ಬರಬಹುದು. ಎದುರುಬದುರು ಕುಳಿತು ಕಣ್ಣಲ್ಲಿ ಕಣ್ಣಿಟ್ಟು ವಿಚಾರಿಸಿದಾಗ ಬಾರದ ಮಾತು, ಪಕ್ಕಪಕ್ಕದಲ್ಲಿ ನಡೆಯುವಾಗ, ಪಾತ್ರೆ ಒರೆಸುವಾಗ, ದೀಪವಾರಿಸಿದ ಮೇಲೆ ಬರುವುದುಂಟು. ಮಾತು ಶುರುಮಾಡುವುದೇ ಕಷ್ಟವೆನಿಸುವ ಮಕ್ಕಳಿಗೆ ಒಂದು ಸಿದ್ಧ ವಾಕ್ಯ ಕೊಟ್ಟಿರಬೇಕು: "ನನಗೆ ಒಂದು ವಿಷಯ ಹೇಳಬೇಕು, ಆದರೆ ಹೇಳಲು ಕಷ್ಟವಾಗುತ್ತಿದೆ." ಚೀಟಿಯಲ್ಲಿ ಬರೆದುಕೊಡಬಹುದು, ಚಿತ್ರ ಬಿಡಿಸಿ ತೋರಿಸಬಹುದು ಎಂಬುದೂ ಗೊತ್ತಿರಲಿ. ಮೊದಲು ಕೇಳಿದವರು ನಂಬದಿದ್ದರೆ ಅಥವಾ ಏನೂ ಮಾಡದಿದ್ದರೆ, ಎರಡನೆಯವರಿಗೆ, ಅವರೂ ಮಾಡದಿದ್ದರೆ ಮೂರನೆಯವರಿಗೆ ಹೇಳಬೇಕು, ಯಾರಾದರೂ ನಿಜವಾಗಿ ನೆರವಾಗುವವರೆಗೆ ನಿಲ್ಲಿಸಬಾರದು ಎಂಬುದನ್ನು ಅಭ್ಯಾಸ ಮಾಡಿಸಬೇಕು.

ಮಗು ಹೀಗೆ ಹೇಳಿಕೊಂಡಾಗ ನಾವು ಏನು ಮಾಡಬೇಕು? ದನಿ ಏರಿಸದೆ ಕೇಳಬೇಕು, ಹೇಳಿದ್ದು ಒಳ್ಳೆಯದಾಯಿತು ಎನ್ನಬೇಕು, ಇದು ನಿನ್ನ ತಪ್ಪಲ್ಲ ಎನ್ನಬೇಕು. "ಅವನು ನಿನಗೆ ಹೀಗೆ ಮಾಡಿದನೇ?" ಎಂದು ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆಗಳನ್ನು ಕೇಳಬಾರದು, "ಆಮೇಲೆ ಏನಾಯಿತು?" ಎಂಬಷ್ಟಕ್ಕೆ ನಿಲ್ಲಬೇಕು. ವಿವರವಾದ ವಿಚಾರಣೆ ಅದಕ್ಕೆ ತರಬೇತಿ ಪಡೆದವರ ಕೆಲಸ, ಮಗು ಒಂದೇ ಸಂಗತಿಯನ್ನು ಹತ್ತು ಜನರೆದುರು ಹತ್ತು ಸಲ ಹೇಳುವಂತಾಗಬಾರದು. ಮಗು ಬಳಸಿದ ಪದಗಳನ್ನೇ ಅದೇ ದಿನ ಬರೆದಿಟ್ಟುಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. ಕೊಟ್ಟರೆ ಎರಡೇ ದಾರಿ: ಮಾತು ಮುರಿಯಬೇಕು ಅಥವಾ ಮಗುವನ್ನು ಅಪಾಯದಲ್ಲಿ ಬಿಡಬೇಕು. "ನಿನ್ನನ್ನು ಸುರಕ್ಷಿತವಾಗಿಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಯಾರಿಗೆ ಹೇಳುತ್ತೇನೆ ಎಂದು ನಿನಗೆ ಮೊದಲೇ ತಿಳಿಸುತ್ತೇನೆ" ಎನ್ನುವುದು ಪ್ರಾಮಾಣಿಕವಾದ ಮಾತು. ಅನೇಕ ದೇಶಗಳಲ್ಲಿ ಇಂಥ ಮಾಹಿತಿಯನ್ನು ಅಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕಡ್ಡಾಯವೂ ಹೌದು.

ಇಷ್ಟೆಲ್ಲ ಕಲಿಸಿದರೆ ದೌರ್ಜನ್ಯ ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಶಾಲೆಗಳಲ್ಲಿ ನಡೆಸುವ ಲೈಂಗಿಕ ದೌರ್ಜನ್ಯ ತಡೆ ಶಿಕ್ಷಣದ ಬಗ್ಗೆ 2015ರಲ್ಲಿ ಪ್ರಕಟವಾದ, ಸಂಶೋಧನೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ಎಂಬ ಸಂಸ್ಥೆಯ ಸಮೀಕ್ಷೆ 24 ಪ್ರಯೋಗಗಳನ್ನು ಪರಿಶೀಲಿಸಿ, ಇವುಗಳಿಂದ ಮಕ್ಕಳ ತಿಳಿವಳಿಕೆಯೂ ರಕ್ಷಣೆಯ ಕೌಶಲವೂ ಹೆಚ್ಚುತ್ತವೆ ಎಂದು ಕಂಡುಕೊಂಡಿತು. ಆದರೆ ದೌರ್ಜನ್ಯದ ಪ್ರಮಾಣವೇ ಇಳಿಯುತ್ತದೆ ಎಂದು ಹೇಳುವಷ್ಟು ಪುರಾವೆ ಅಲ್ಲಿರಲಿಲ್ಲ. ಇದರಿಂದ ಪಾಠ ನಿರರ್ಥಕ ಎಂದಾಗುವುದಿಲ್ಲ. ತನ್ನನ್ನು ತಾನೇ ಕಾಪಾಡಿಕೊಳ್ಳುವ ಭಾರವನ್ನು ಮಗುವಿನ ಮೇಲೆ ಹೊರಿಸಬಾರದು ಎಂದಾಗುತ್ತದೆ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ, ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗುವಿನ ಅಭಿಪ್ರಾಯಕ್ಕೆ ಮನ್ನಣೆ ಸಿಗಬೇಕು ಎನ್ನುತ್ತದೆ. 19ನೆಯ ವಿಧಿ ಎಲ್ಲ ಬಗೆಯ ಹಿಂಸೆಯಿಂದ ಮಗುವನ್ನು ರಕ್ಷಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸುತ್ತದೆ. ಹೇಳುವುದು ಮಗುವಿನ ಹಕ್ಕು, ಕರ್ತವ್ಯವಲ್ಲ. ಹೇಳದೆ ಉಳಿದ ಮಗುವನ್ನು "ಮೊದಲೇ ಏಕೆ ಹೇಳಲಿಲ್ಲ?" ಎಂದು ಕೇಳುವುದು ಕ್ರೌರ್ಯ.

ಒಬ್ಬ ಹಿರಿಯರಿಂದ ಎಷ್ಟು ವ್ಯತ್ಯಾಸವಾದೀತು ಎಂಬುದಕ್ಕೆ ಮನೋವಿಜ್ಞಾನಿ ಎಮ್ಮಿ ವರ್ನರ್ ಅವರ ಅಧ್ಯಯನವನ್ನು ನೆನೆಯಬೇಕು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಅವರೂ ಅವರ ಸಹೋದ್ಯೋಗಿಗಳೂ ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಮನೆಯೊಳಗಿನ ಕಲಹ, ತಂದೆತಾಯಿಯ ಕುಡಿತ ಅಥವಾ ಮಾನಸಿಕ ಕಾಯಿಲೆ ಮುಂತಾದ ಹಲವು ಕಷ್ಟಗಳು ಒಟ್ಟಿಗೆ ಬಂದೆರಗಿದ ಮಕ್ಕಳಲ್ಲಿಯೂ ಸುಮಾರು ಮೂರನೆಯ ಒಂದು ಭಾಗ ಆತ್ಮವಿಶ್ವಾಸವುಳ್ಳ, ಇತರರ ಬಗ್ಗೆ ಕಾಳಜಿಯುಳ್ಳ ವಯಸ್ಕರಾಗಿ ಬೆಳೆದರು. ಅವರ ಬದುಕಿನಲ್ಲಿ ಸಾಮಾನ್ಯವಾಗಿ ಕಂಡುಬಂದ ಸಂಗತಿಗಳಲ್ಲಿ ಒಂದು, ಅವರನ್ನು ಸ್ಥಿರವಾಗಿ ನೋಡಿಕೊಂಡ ಒಬ್ಬ ಹಿರಿಯರ ಇರವು. ಆ ಹಿರಿಯರು ಎಷ್ಟೋ ಸಲ ತಂದೆತಾಯಿ ಆಗಿರಲಿಲ್ಲ. ಅಜ್ಜ ಅಜ್ಜಿಯೋ, ಶಿಕ್ಷಕರೋ, ನೆರೆಯವರೋ ಆಗಿದ್ದರು.

ಶಿಕ್ಷಕರು ನನ್ನನ್ನು ಬಹಳ ಸಲ ಕೇಳುವ ಒಂದು ಪ್ರಶ್ನೆ ಉಳಿದಿದೆ. ತರಗತಿಯಲ್ಲಿ ಎಲ್ಲರೂ ಬೆರಳುಗಳನ್ನು ತುಂಬಿಸುತ್ತಿರುವಾಗ ಒಂದು ಮಗು ಮಾತ್ರ ಖಾಲಿ ಹಾಳೆಯ ಮುಂದೆ ಕುಳಿತಿದ್ದರೆ ಏನು ಮಾಡಬೇಕು? ಆ ಜಾಗದಲ್ಲಿ ಒತ್ತಾಯದಿಂದ ಹೆಸರು ಬರೆಸಬೇಡಿ, ಉಳಿದವರ ಮುಂದೆ ಅದನ್ನು ಎತ್ತಿ ಹೇಳಬೇಡಿ, "ನನ್ನ ಹೆಸರು ಬರೆ" ಎಂದೂ ಹೇಳಬೇಡಿ. ಮಕ್ಕಳ ಸಹಾಯವಾಣಿಗಳು ಇಂಥ ಮಕ್ಕಳಿಗಾಗಿಯೂ ಇವೆ. ಬ್ರಿಟನ್‌ನಲ್ಲಿ 1986ರಲ್ಲಿ, ಭಾರತದಲ್ಲಿ 1996ರಲ್ಲಿ ಆರಂಭವಾದ ಇಂಥ ಸೇವೆಗಳು ಇಂದು ಬಹಳಷ್ಟು ದೇಶಗಳಲ್ಲಿವೆ, ಸಾಮಾನ್ಯವಾಗಿ ಕರೆ ಉಚಿತ. ಸಹಾಯವಾಣಿಯ ಸಂಖ್ಯೆಯನ್ನು ಇಡೀ ತರಗತಿಗೆ ಕಲಿಸಿದರೆ ಈ ಮಗು ಒಂಟಿಯಾಗಿ ಎದ್ದು ಕಾಣುವುದಿಲ್ಲ. ಖಾಲಿ ಹಾಳೆಯೇ ಒಂದು ಸೂಚನೆಯಾಗಿರಬಹುದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಶಾಲೆಯ ಆಪ್ತ ಸಮಾಲೋಚಕರೊಡನೆ ಚರ್ಚಿಸಿ. ಅನಂತರ ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿಕೊಂಡು, ಉಳಿದವರಿಗೂ ಕಾಣುವಂಥ ತೆರೆದ ಜಾಗದಲ್ಲಿ ಐದು ನಿಮಿಷ ಆ ಮಗುವಿನ ಜೊತೆ ಮಾತನಾಡಿ. ವಿಚಾರಣೆ ಬೇಡ, ಪುಸ್ತಕ ಜೋಡಿಸುವಂಥ ಯಾವುದಾದರೂ ಕೆಲಸವನ್ನು ಒಟ್ಟಿಗೆ ಮಾಡಿದರೂ ನಡೆಯುತ್ತದೆ. ಒಂದು ವಾರ ನೀವು ರಜೆಯಲ್ಲಿರುವುದಾದರೆ ಅದನ್ನು ಮಗುವಿಗೆ ಮೊದಲೇ ತಿಳಿಸಿ, ಮರಳಿ ಬರುವ ದಿನವನ್ನು ಹೇಳಿ, ಆ ದಿನವೇ ಬನ್ನಿ.